ಅರಮನೆಯಲ್ಲಿ ಒಬ್ಬ ಪುಟ್ಟ ಹುಡುಗನಿದ್ದ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಚೆನ್ನೈ ಕನ್ನಡಿಗರ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: “ಈ ಸಲ ಊರಿಗೆ ಹೋದಾಗ ಮಕ್ಕಳಿಗೆ ಮೈಸೂರು ತೋರಿಸಿಕೊಂಡು ಬರೋಣ.” ಕೀಲ್ಪಾಕ್, ಅಯನಾವರಂ, ಪುರಸವಾಕ್ಕಂ, ಅಣ್ಣಾನಗರ, ಯಾವ ಕಡೆಯ ಕನ್ನಡಿಗರನ್ನು ಮಾತಿಗೆ ಎಳೆದರೂ ತಾತನ ಊರು, ಅಜ್ಜಿಯ ತೌರು ಎಂದು ಮೈಸೂರು ಸೀಮೆಯ ಒಂದು ಹೆಸರು ಬಂದೇ ಬರುತ್ತದೆ. ಹೋಗುವುದೇನೂ ಕಷ್ಟವಲ್ಲ. ರಾತ್ರಿ ಸೆಂಟ್ರಲ್‌ನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಮೈಸೂರು. ಶತಾಬ್ದಿ ಇದೆ. 2022ರ ನವೆಂಬರ್‌ನಿಂದ ವಂದೇ ಭಾರತ್ ರೈಲೂ ಓಡುತ್ತಿದೆ.

ಕಷ್ಟವಿರುವುದು ಹೋದ ಮೇಲೆ. ಅರಮನೆಯೊಳಗೆ ಕಾಲಿಟ್ಟು ಹದಿನೈದು ನಿಮಿಷ ಆಗಿರುವುದಿಲ್ಲ, ಚಿಕ್ಕವನಿಗೆ ಕಾಲು ನೋವು, ದೊಡ್ಡವಳಿಗೆ ನೀರಡಿಕೆ. ಅಪ್ಪ ಮುಂದೆ ಮುಂದೆ ನಡೆಯುತ್ತಾ ಇಸವಿಗಳನ್ನು ಹೇಳುತ್ತಾರೆ. ಅಮ್ಮ ಹಿಂದಿನಿಂದ “ಮುಟ್ಟಬೇಡ, ಓಡಬೇಡ” ಎನ್ನುತ್ತಿರುತ್ತಾಳೆ. ಜನಜಂಗುಳಿಯಲ್ಲಿ ಮಕ್ಕಳಿಗೆ ಕಾಣುವುದು ದೊಡ್ಡವರ ಸೊಂಟಗಳು ಮಾತ್ರ. ಹೊರಗೆ ಬಂದು “ಏನು ನೋಡಿದೆ ಪುಟ್ಟಾ?” ಎಂದು ಕೇಳಿದರೆ “ಬಲೂನು” ಎಂಬ ಉತ್ತರ! ಇದನ್ನು ಕೇಳಿದ ಹಿರಿಯರು “ಇಷ್ಟು ಚಿಕ್ಕ ಮಕ್ಕಳಿಗೆ ಚರಿತ್ರೆ ಏನು ತಿಳಿಯುತ್ತೆ? ದೊಡ್ಡವರಾದ ಮೇಲೆ ಕರೆದುಕೊಂಡು ಹೋದರಾಯಿತು” ಎಂದುಬಿಡುತ್ತಾರೆ.

ನನಗೆ ಆ ಮಾತು ಒಪ್ಪಿಗೆಯಿಲ್ಲ. ದೊಡ್ಡವರಾದ ಮೇಲೆ ಎಂದರೆ ಯಾವಾಗ? ಒಂಬತ್ತನೆಯ ತರಗತಿಗೆ ಬಂದರೆ ಟ್ಯೂಷನ್, ಆಮೇಲೆ ಕೋಚಿಂಗ್, ಕಾಲೇಜು, ನಂತರ ಕೆಲಸಕ್ಕೆಂದು ಇನ್ನೆಲ್ಲಿಗೋ ಪ್ರಯಾಣ. ನಮ್ಮ ಕೈ ಹಿಡಿದುಕೊಂಡು, ನಾವು ಹೇಳಿದ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳುವ ವಯಸ್ಸು ಐದರಿಂದ ಹತ್ತರವರೆಗೆ. ಆ ಐದು ವರ್ಷ ಕಳೆದರೆ ಮತ್ತೆ ಬರುವುದಿಲ್ಲ. ನಮ್ಮ ಮಕ್ಕಳು ಬೀದಿಯಲ್ಲಿ ತಮಿಳು, ಸ್ಕೂಲಿನಲ್ಲಿ ಇಂಗ್ಲಿಷ್ ಆಡುವವರು. ಕನ್ನಡ ಎಂದರೆ ಅವರಿಗೆ ಅಡುಗೆಮನೆಯ ಮಾತು, ಅಜ್ಜಿಯ ಜೊತೆ ಆಡುವ ಮಾತು. ಆ ಮಾತಿಗೆ ಒಂದು ದೇಶವಿದೆ, ರಾಜರಾಣಿಯರಿದ್ದಾರೆ, ಕೋಟೆ ಕೊತ್ತಲಗಳಿವೆ ಎಂದು ಅವರಿಗೆ ಕಣ್ಣಾರೆ ತೋರಿಸಬೇಕಾದರೆ ಈಗಲೇ ತೋರಿಸಬೇಕು.

ಹಾಗಾದರೆ ತೋರಿಸುವುದು ಹೇಗೆ? ನಾನು ಇತಿಹಾಸ ಓದಿದವಳಲ್ಲ, ಗೃಹಿಣಿ. ಮೂರನೆಯ ತರಗತಿಯ ಮಗಳು, ಯು.ಕೆ.ಜಿ. ಓದುವ ಮಗ, ಜೊತೆಗೆ ಅತ್ತೆ ಮಾವ, ಹೀಗೆ ಆರು ಜನ ಹೋಗಿ ಬಂದ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಮಕ್ಕಳಿಗೆ ರಾಜನನ್ನು ತೋರಿಸುವ ಮೊದಲು ಆ ಅರಮನೆಯಲ್ಲಿದ್ದ ಮಗುವನ್ನು ತೋರಿಸಿ. ಎಲ್ಲ ಅರಮನೆಯಲ್ಲೂ ಒಂದು ಮಗು ಇದ್ದೇ ಇತ್ತು. ನಮ್ಮ ಮೈಸೂರಿನ ಚರಿತ್ರೆಯಲ್ಲಂತೂ ಒಬ್ಬರಲ್ಲ, ಹಲವರಿದ್ದಾರೆ. ಅವರಲ್ಲಿ ಇಬ್ಬರು ಎರಡು ವರ್ಷ ನಮ್ಮ ಈ ಮದರಾಸಿನಲ್ಲೇ ಇದ್ದರು ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಪ್ರವಾಸ ಮನೆಯ ಹತ್ತಿರದಿಂದಲೇ ಶುರು

ಮೈಸೂರಿಗೆ ಹೊರಡುವ ಮುಂಚಿನ ಒಂದು ಭಾನುವಾರ ಮಕ್ಕಳನ್ನು ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಶುಕ್ರವಾರ ರಜೆ, ಉಳಿದ ದಿನ ತೆರೆದಿರುತ್ತದೆ. ಅಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ ಇದೆ. ಥಾಮಸ್ ಬ್ಯಾಂಕ್ಸ್ ಎಂಬ ಶಿಲ್ಪಿ ಕೆತ್ತಿದ್ದು. ದೊಡ್ಡವರು ಮೇಲೆ ನೋಡುತ್ತಾ ನಿಲ್ಲುತ್ತಾರೆ. ನಿಜವಾಗಿ ನೋಡಬೇಕಾದ್ದು ಕೆಳಗೆ, ಪ್ರತಿಮೆಯ ಪೀಠದಲ್ಲಿ, ಮಕ್ಕಳ ಕಣ್ಣಿನ ಎತ್ತರದಲ್ಲೇ ಇದೆ. ಅಲ್ಲಿ ಇಬ್ಬರು ಪುಟ್ಟ ಹುಡುಗರನ್ನು ಇಂಗ್ಲಿಷ್ ದೊರೆಗೆ ಒಪ್ಪಿಸುವ ದೃಶ್ಯವನ್ನು ಕೆತ್ತಿದ್ದಾರೆ. ಅವರು ಟಿಪ್ಪು ಸುಲ್ತಾನನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್.

1792ರಲ್ಲಿ ಮೂರನೆಯ ಮೈಸೂರು ಯುದ್ಧ ಮುಗಿದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬೇರೆ. ಅಷ್ಟು ಹಣ ಕೊಟ್ಟು ಮುಗಿಸುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಇಡಬೇಕೆಂಬುದು ಕರಾರು. ಫೆಬ್ರವರಿ 26ರಂದು ಶ್ರೀರಂಗಪಟ್ಟಣದ ಕೋಟೆಯಿಂದ ಆ ಇಬ್ಬರೂ ಆನೆಗಳ ಮೇಲೆ ಕುಳಿತು ಹೊರಟರು. ದೊಡ್ಡವನಿಗೆ ಸುಮಾರು ಹತ್ತು ವರ್ಷ, ಚಿಕ್ಕವನಿಗೆ ಎಂಟು ಎಂದು ಅಲ್ಲಿದ್ದ ಇಂಗ್ಲಿಷರು ಬರೆದಿಟ್ಟಿದ್ದಾರೆ. ಬಿಳಿ ಮಸ್ಲಿನ್ ಅಂಗಿ, ಕೊರಳಲ್ಲಿ ಮುತ್ತಿನ ಸರ. ಕಾರ್ನ್‌ವಾಲಿಸ್ ಇಬ್ಬರನ್ನೂ ಬರಮಾಡಿಕೊಂಡು ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಆಮೇಲೆ ಅವರನ್ನು ಮದರಾಸಿಗೆ ಕರೆತಂದರು. ಟಿಪ್ಪು ಹಣ ಕಟ್ಟಿ ಮುಗಿಸಿದ ಮೇಲೆ, 1794ರಲ್ಲಿ, ದೇವನಹಳ್ಳಿಯಲ್ಲಿ ಮಕ್ಕಳನ್ನು ತಂದೆಗೆ ಹಿಂದಿರುಗಿಸಿದರು. ದೇವನಹಳ್ಳಿ ಎಂದರೆ ಈಗ ಬೆಂಗಳೂರು ವಿಮಾನ ನಿಲ್ದಾಣ ಇರುವ ಕಡೆ. ಟಿಪ್ಪು ಹುಟ್ಟಿದ ಊರೂ ಅದೇ.

ಈ ಕಥೆ ಹೇಳಿದಾಗ ನನ್ನ ಮಗಳು ಕೇಳಿದ ಮೊದಲ ಪ್ರಶ್ನೆ ಯುದ್ಧದ್ದಲ್ಲ. “ಅವರೂ ನಮ್ಮ ಹಾಗೇ ಮೈಸೂರಿನವರು, ಮದ್ರಾಸಿನಲ್ಲಿ ಇದ್ದವರಾ?” ಎಂದಳು. ಹೌದು ಎಂದೆ. ಆಗಲೇ ಅವಳು ಆ ಹುಡುಗರ ಪಕ್ಷ ಸೇರಿಯಾಗಿತ್ತು. ಆಮೇಲೆ ಶ್ರೀರಂಗಪಟ್ಟಣದಲ್ಲಿ ನಾನೇನೂ ಒತ್ತಾಯಿಸಬೇಕಾಗಲಿಲ್ಲ. “ಆ ಹುಡುಗರು ಎಲ್ಲಿದ್ದರು?” ಎಂದು ಅವಳೇ ಹುಡುಕುತ್ತಾ ಹೋದಳು.

ಕೀಲ್ಪಾಕ್‌ನವರಿಗೆ ಇನ್ನೊಂದು ಸೌಕರ್ಯವಿದೆ. ಎಗ್ಮೋರ್ ಮ್ಯೂಸಿಯಂ ನಮಗೆ ಹತ್ತಿರ. ಆ ಆವರಣದಲ್ಲಿ ಕೆಂಪು ಕಲ್ಲಿನ ಒಂದು ಚೆಲುವಾದ ಕಟ್ಟಡ, ನ್ಯಾಷನಲ್ ಆರ್ಟ್ ಗ್ಯಾಲರಿ ಇದೆ. ಪಕ್ಕದಲ್ಲೇ ಕನ್ನೆಮರಾ ಗ್ರಂಥಾಲಯ. ಇವೆರಡನ್ನೂ ರೂಪಿಸಿದವರು ಹೆನ್ರಿ ಇರ್ವಿನ್. ಮೈಸೂರಿನ ಈಗಿನ ಅರಮನೆಯನ್ನು ರೂಪಿಸಿದವರೂ ಅವರೇ! ಒಳಗೆ ಹೋಗದಿದ್ದರೂ ಚಿಂತೆಯಿಲ್ಲ, ಹೊರಗೆ ನಿಂತು ಕಮಾನು, ಗುಮ್ಮಟ, ಕಿಟಕಿಗಳನ್ನು ಮಕ್ಕಳಿಗೆ ತೋರಿಸಿ. “ಇದನ್ನು ಕಟ್ಟಿಸಿದ ಮಾಮನೇ ಮೈಸೂರಿನಲ್ಲೂ ಕಟ್ಟಿಸಿದ್ದಾನೆ, ಇಂಥದ್ದೇ ಏನೇನಿದೆ ಅಲ್ಲಿ ಹುಡುಕೋಣ” ಎಂದು ಹೇಳಿ. ಅರಮನೆಯ ಮುಂದೆ ನಿಂತಾಗ ಮಕ್ಕಳಿಗೆ ಮಾಡಲು ಒಂದು ಕೆಲಸವಾಯಿತು.

ದಾರಿಯಲ್ಲಿ ವೆಲ್ಲೂರು

ಕಾರಿನಲ್ಲಿ ಹೋಗುವವರಿಗೆ ವೆಲ್ಲೂರು ಕೋಟೆ ದಾರಿಯಲ್ಲೇ ಸಿಗುತ್ತದೆ. ರೈಲಿನವರು ಕಾಟ್ಪಾಡಿಯಲ್ಲಿ ಇಳಿಯಬೇಕು. ಸುತ್ತಲೂ ನೀರು ತುಂಬಿದ ಕಂದಕ, ಒಳಗೆ ಜಲಕಂಠೇಶ್ವರ ದೇವಸ್ಥಾನ, ಓಡಾಡಲು ಬೇಕಾದಷ್ಟು ಬಯಲು. ಚಿಕ್ಕ ಮಕ್ಕಳಿಗೆ ಕೋಟೆ ಎಂದರೇನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಆಸುಪಾಸಿನಲ್ಲಿ ಇಲ್ಲ.

ಇದು ನಮ್ಮ ಚರಿತ್ರೆಯ ಕೋಟೆಯೂ ಹೌದು. 1565ರ ಯುದ್ಧದಲ್ಲಿ ಸೋತು ಹಂಪೆ ಹಾಳಾದ ಮೇಲೆ ವಿಜಯನಗರದ ಅರಸರು ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ, ಆಮೇಲೆ ವೆಲ್ಲೂರಿಗೆ ಬಂದರು. 1614ರಲ್ಲಿ ವೆಂಕಟಪತಿರಾಯ ತೀರಿಕೊಂಡ ಮೇಲೆ ಸಿಂಹಾಸನಕ್ಕಾಗಿ ಒಳಜಗಳ ಎದ್ದಿತು. ಜಗ್ಗರಾಯನೆಂಬ ಬಲಿಷ್ಠ ಸರದಾರ ಹೊಸ ರಾಜ ಶ್ರೀರಂಗರಾಯನನ್ನೂ ಅವನ ಕುಟುಂಬವನ್ನೂ ಸೆರೆಯಲ್ಲಿಟ್ಟ. ಯಾಚಮ ನಾಯಕನೆಂಬ ಸ್ವಾಮಿನಿಷ್ಠ ಸರದಾರನ ಉಪಾಯದಿಂದ ಒಬ್ಬ ಅಗಸ ಅರಮನೆಯೊಳಗಿನಿಂದ ಬಟ್ಟೆಯ ಗಂಟಿನಲ್ಲಿ ರಾಜಕುಮಾರನೊಬ್ಬನನ್ನು ಮುಚ್ಚಿಟ್ಟುಕೊಂಡು ಹೊರಗೆ ತಂದ. ಆ ಹುಡುಗನೇ ರಾಮದೇವ. ಉಳಿದವರೆಲ್ಲ ಕೊಲೆಯಾದರು, ಅವನೊಬ್ಬ ಉಳಿದ. ಮುಂದೆ ಯಾಚಮ ನಾಯಕ ಯುದ್ಧ ಗೆದ್ದು, 1617ರಲ್ಲಿ ರಾಮದೇವ ರಾಜನಾದ.

ಕೊಲೆಯ ಭಾಗವನ್ನು ಐದು ವರ್ಷದ ಮಗುವಿಗೆ ವಿವರಿಸಬೇಕಾಗಿಲ್ಲ. ಬಟ್ಟೆಗಂಟಿನ ಭಾಗ ಸಾಕು. ನನ್ನ ಮಗ ಊರಿಗೆ ವಾಪಸು ಬಂದ ಮೇಲೂ ಒಗೆಯಲು ಹಾಕಿದ ಬೆಡ್‌ಷೀಟಿನೊಳಗೆ ನುಸುಳಿಕೊಂಡು “ನಾನು ರಾಮದೇವರಾಯ, ಯಾರಿಗೂ ಹೇಳಬೇಡಿ” ಎನ್ನುತ್ತಿದ್ದ. ದೊಡ್ಡ ದೊಡ್ಡ ದಳಪತಿಗಳಿದ್ದ ಕಾಲದಲ್ಲಿ ಒಂದು ರಾಜವಂಶವನ್ನು ಉಳಿಸಿದವನು ಬಟ್ಟೆ ಒಗೆಯುವವನೊಬ್ಬ ಎಂಬುದನ್ನು ಮಾತ್ರ ಮಕ್ಕಳಿಗೆ ಒತ್ತಿ ಹೇಳಿ. ಅದು ಪಾಠಪುಸ್ತಕ ಹೇಳದ ಮಾತು.

ಇದೇ ಕೋಟೆಗೆ ಮತ್ತೆ ಬರುತ್ತಾರೆ ನಮ್ಮ ಹಳೆಯ ಪರಿಚಯದ ಹುಡುಗರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವನ ಮಕ್ಕಳನ್ನೂ ಪರಿವಾರವನ್ನೂ ಇಂಗ್ಲಿಷರು ತಂದು ಇಟ್ಟಿದ್ದು ಇಲ್ಲೇ. ಹೈದರ್ ಮಹಲ್, ಟಿಪ್ಪು ಮಹಲ್ ಎಂದು ಈಗಲೂ ಕರೆಯುತ್ತಾರೆ. 1806ರ ಜುಲೈ 10ರಂದು ಇಲ್ಲಿ ಸಿಪಾಯಿಗಳು ದಂಗೆ ಎದ್ದರು. ಹೊಸ ಟೋಪಿ ಹಾಕಿಕೊಳ್ಳಬೇಕು, ಹಣೆಯ ಮೇಲೆ ನಾಮ ವಿಭೂತಿ ಕೂಡದು ಎಂಬ ಆಜ್ಞೆಗಳು ಅವರನ್ನು ಕೆರಳಿಸಿದ್ದವು. ಅಂದಿನ ಹಿಂದಿನ ದಿನವೇ ಟಿಪ್ಪುವಿನ ಮಗಳೊಬ್ಬಳ ಮದುವೆ ನಡೆದಿತ್ತು. ದಂಗೆಯನ್ನು ಅಡಗಿಸಿದ ಇಂಗ್ಲಿಷರು ಟಿಪ್ಪುವಿನ ಮಕ್ಕಳನ್ನು ದೂರದ ಕಲ್ಕತ್ತೆಗೆ ಸಾಗಿಸಿದರು. ಕಲ್ಕತ್ತೆಯ ಧರ್ಮತಲಾದಲ್ಲಿ 1842ರಲ್ಲಿ ಮಸೀದಿ ಕಟ್ಟಿಸಿದ ಗುಲಾಂ ಮೊಹಮ್ಮದ್ ಟಿಪ್ಪುವಿನ ಕೊನೆಯ ಮಗ. ಶ್ರೀರಂಗಪಟ್ಟಣ, ಮದರಾಸು, ಮತ್ತೆ ಶ್ರೀರಂಗಪಟ್ಟಣ, ವೆಲ್ಲೂರು, ಕಲ್ಕತ್ತಾ: ಒಂದು ಭೂಪಟ ತೆಗೆದು ಮಕ್ಕಳ ಕೈಯಲ್ಲಿ ಪೆನ್ಸಿಲ್ ಗೆರೆ ಎಳೆಯಿಸಿ ನೋಡಿ.

ಶ್ರೀರಂಗಪಟ್ಟಣದ ಗೋಡೆ

ಮೈಸೂರಿಗೆ ಸುಮಾರು ಹದಿನೈದು ಕಿಲೋಮೀಟರ್ ಮೊದಲೇ ಶ್ರೀರಂಗಪಟ್ಟಣ ಸಿಗುತ್ತದೆ. ರಂಗನಾಥಸ್ವಾಮಿಯ ದರ್ಶನ, ಗುಂಬಜ್, ಸಂಗಮ, ಮಸೀದಿ, ಸೆರೆಮನೆ ಎಲ್ಲವನ್ನೂ ಒಂದೇ ದಿನ ಸುತ್ತುವ ಪ್ಯಾಕೇಜುಗಳಿವೆ. ಚಿಕ್ಕ ಮಕ್ಕಳಿದ್ದರೆ ಅದು ಬೇಡ. ದೇವಸ್ಥಾನ, ದರಿಯಾ ದೌಲತ್, ಗುಂಬಜ್ ಇಷ್ಟೇ ಸಾಕು.

ದರಿಯಾ ದೌಲತ್ 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ತೋಟದ ನಡುವೆ ಮರದ ಕಂಬಗಳ ಕಟ್ಟಡ. ಅದರ ಪಶ್ಚಿಮ ಗೋಡೆಯ ತುಂಬಾ ಯುದ್ಧದ ಚಿತ್ರ. ಅದು ಯಾವ ಯುದ್ಧ ಗೊತ್ತೇ? 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ನಡೆದದ್ದು. ಪೊಳ್ಳಿಲೂರು ಇರುವುದು ನಮ್ಮ ಕಂಚಿಯ ಹತ್ತಿರ! ನಾವು ರೇಷ್ಮೆ ಸೀರೆಗೆಂದು ಬೆಳಗ್ಗೆ ಹೋಗಿ ಸಂಜೆ ಬರುವ ಊರಿನ ಪಕ್ಕದಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷ್ ಸೈನ್ಯವನ್ನು ಸೋಲಿಸಿದ್ದರು. ಆ ಗೆಲುವನ್ನು ಟಿಪ್ಪು ತನ್ನ ಅರಮನೆಯ ಗೋಡೆಯ ಮೇಲೆ ಬರೆಯಿಸಿದ.

ಈ ಗೋಡೆಯ ಮುಂದೆ ಮಕ್ಕಳನ್ನು ಅವಸರಪಡಿಸಬೇಡಿ. ಕಥೆ ಹೇಳುವ ಬದಲು ಹುಡುಕಲು ಬಿಡಿ. ಕೆಂಪು ಅಂಗಿಯ ಇಂಗ್ಲಿಷ್ ಸಿಪಾಯಿಗಳ ಸಾಲು ಎಲ್ಲಿದೆ? ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲಿದೆ? ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿರುವ ಕರ್ನಲ್ ಬೇಲಿ ಎಲ್ಲಿದ್ದಾನೆ? ಆನೆ ಎಷ್ಟು? ನಮ್ಮ ಮಕ್ಕಳು ಒಂದು ಗೋಡೆಯ ಮುಂದೆ ಮುಕ್ಕಾಲು ಗಂಟೆ ಕಳೆದರು. ಅತ್ತೆಯವರು ಹೊರಗೆ ತೋಟದ ನೆರಳಿನಲ್ಲಿ ಕುಳಿತು ಹೂವು ಕಟ್ಟಿ ಮುಗಿಸಿದರು.

ಒಳಗಿನ ಸಂಗ್ರಹಾಲಯದಲ್ಲಿ ಟಿಪ್ಪುವಿನ ಪುತ್ರರ ಚಿತ್ರಗಳೂ ಇವೆ. ಅಲ್ಲಿಗೆ ಬಂದಾಗ ನಮ್ಮ ಮನೆಯಲ್ಲಿ ಯಾರೂ ನಿರೀಕ್ಷಿಸದ ಪ್ರಶ್ನೆ ಬಂತು. ಮಗಳು ತಾತನ ಕೈ ಜಗ್ಗಿ, “ತಾತಾ, ಅವರಪ್ಪ ಅವರನ್ನ ಯಾಕೆ ಕೊಟ್ಟುಬಿಟ್ಟರು? ಅಷ್ಟು ದೊಡ್ಡ ರಾಜ ಅಲ್ವಾ?” ಎಂದಳು. ಹಿಂದೆಯೇ ಮಗ, “ಟಿಪ್ಪು ಒಳ್ಳೆಯವನಾ ಕೆಟ್ಟವನಾ?” ಎಂದ.

ಇವತ್ತಿನ ದಿನಗಳಲ್ಲಿ ದೊಡ್ಡವರೇ ಈ ಪ್ರಶ್ನೆಗೆ ಜಗಳ ಆಡುತ್ತಾರೆ. ನಮ್ಮ ಮಾವನವರು ಮೇಷ್ಟರಾಗಿದ್ದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಹೇಳಿದರು: “ಮಗೂ, ರಾಜರಿಗೆ ಮಾರ್ಕ್ಸ್ ಕಾರ್ಡ್ ಇರೋದಿಲ್ಲ. ಒಬ್ಬ ರಾಜ ಕೆಲವರಿಗೆ ಒಳ್ಳೇದು ಮಾಡಿರುತ್ತಾನೆ, ಕೆಲವರಿಗೆ ಬಹಳ ನೋವು ಕೊಟ್ಟಿರುತ್ತಾನೆ. ಎರಡೂ ಬರೆದಿಟ್ಟಿದ್ದಾರೆ, ನೀನು ದೊಡ್ಡವನಾದ ಮೇಲೆ ಎರಡನ್ನೂ ಓದು. ಈಗ ಒಂದು ತಿಳಕೋ. ಯುದ್ಧ ಮಾಡೋದು ದೊಡ್ಡವರು, ಅದರ ಸಾಲ ತೀರಿಸೋದು ಎಷ್ಟೋ ಸಲ ಮಕ್ಕಳು.”

ಆಮೇಲೆ ಅವರು ಇನ್ನೊಂದು ಹುಡುಗನ ಕಥೆ ಹೇಳಿದರು. ಆ ಕಥೆ ಕೇಳಿದ ಮೇಲೆ ನನಗೂ ಈ ಊರು ಬೇರೆ ರೀತಿ ಕಂಡಿತು. 1799ರ ಮೇ 4ರಂದು ಈ ಕೋಟೆ ಬಿತ್ತು, ಟಿಪ್ಪು ಮಡಿದ. ಒಬ್ಬರ ಮಕ್ಕಳು ಮನೆ ಕಳೆದುಕೊಂಡು ವೆಲ್ಲೂರಿಗೆ ಹೊರಟರು. ಅದೇ ದಿನಗಳಲ್ಲಿ ಅದೇ ಊರಿನಲ್ಲಿ, ಬಡತನದಲ್ಲಿ, ಕಾವಲಿನಲ್ಲಿ ಬೆಳೆಯುತ್ತಿದ್ದ ಒಡೆಯರ ಮನೆಯ ಒಂದು ಮಗುವನ್ನು ಕರೆತಂದು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿದರು. ಅಂದು 1799ರ ಜೂನ್ 30. ಆ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರ್. ಅವನಿಗೆ ಐದು ತುಂಬಲು ಇನ್ನೂ ಎರಡು ವಾರ ಬಾಕಿ ಇತ್ತು. ಅವನ ಪರವಾಗಿ ನಿಂತವರು ಅಜ್ಜಿಯ ಸ್ಥಾನದಲ್ಲಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ರಾಜ್ಯವನ್ನು ಮರಳಿ ಪಡೆಯಲು ಆಕೆ ವರ್ಷಗಟ್ಟಲೆ ಮದರಾಸಿನ ಇಂಗ್ಲಿಷರೊಂದಿಗೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದ್ದರು. ಮಗು ದೊಡ್ಡವನಾಗುವವರೆಗೆ ರಾಜ್ಯ ನೋಡಿಕೊಂಡವರು ದಿವಾನ್ ಪೂರ್ಣಯ್ಯ. ಅವರು ಟಿಪ್ಪುವಿನ ಬಳಿಯೂ ಮಂತ್ರಿಯಾಗಿದ್ದವರೇ.

“ಐದು ವರ್ಷಕ್ಕೇ ರಾಜನಾ? ಅವನಿಗೆ ಸ್ಕೂಲಿರಲಿಲ್ಲವಾ?” ಎಂದ ನನ್ನ ಮಗ. ಅವನಿಗೂ ಐದೇ ವರ್ಷ. ಆ ಕ್ಷಣದಿಂದ ಮೈಸೂರು ಅರಮನೆ ಅವನದಾಯಿತು.

ಮೈಸೂರು ಅರಮನೆ

ಒಡೆಯರ ವಂಶದಲ್ಲಿ ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದವರು ಮುಮ್ಮಡಿಯವರೊಬ್ಬರೇ ಅಲ್ಲ. ಅವರ ದತ್ತುಪುತ್ರ ಹತ್ತನೆಯ ಚಾಮರಾಜ ಒಡೆಯರ್ 1868ರಲ್ಲಿ ಪಟ್ಟವೇರಿದಾಗ ಅವರಿಗೂ ಐದು ವರ್ಷ. ಆ ಚಾಮರಾಜರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ಈಡಾದಾಗ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನದವರು, 1902ರವರೆಗೆ ಮಗನ ಪರವಾಗಿ ರಾಜ್ಯಭಾರ ಮಾಡಿದರು.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಆಗ ರಾಜನಿಗೆ ಹನ್ನೆರಡು ವರ್ಷ. ಮೊದಲೇ ತಂದೆಯಿಲ್ಲ, ಈಗ ಮನೆಯೂ ಹೋಯಿತು. ತಾಯಿ ಎದೆಗುಂದಲಿಲ್ಲ. ಹೆನ್ರಿ ಇರ್ವಿನ್‌ರನ್ನು ಕರೆಸಿ, ಮತ್ತೆ ಬೆಂಕಿಗೆ ಸುಲಭವಾಗಿ ತುತ್ತಾಗದಂತೆ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಹೊಸ ಅರಮನೆಯ ಕೆಲಸ ಶುರು ಮಾಡಿಸಿದರು. 1912ರಲ್ಲಿ ಕಟ್ಟಡ ಮುಗಿಯಿತು. ಸುಮಾರು 41 ಲಕ್ಷ ರೂಪಾಯಿ ಖರ್ಚಾಯಿತು. ಅಲ್ಲಿಯವರೆಗೆ ರಾಜಮನೆತನ ಇದ್ದದ್ದು ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ್ದ ಜಗನ್ಮೋಹನ ಅರಮನೆಯಲ್ಲಿ.

ಇಷ್ಟು ಕಥೆ ಮೊದಲೇ ಗೊತ್ತಿದ್ದರೆ ಅರಮನೆಯ ಒಳಗೆ ಹೇಳುವುದು ಕಡಿಮೆ, ನೋಡುವುದು ಹೆಚ್ಚು. ಪ್ರವೇಶಿಸುತ್ತಿದ್ದಂತೆ ಸಿಗುವುದು ಗೊಂಬೆ ತೊಟ್ಟಿ. ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದ ಜಾಗ. ನಮ್ಮ ಚೆನ್ನೈ ಮಕ್ಕಳಿಗೆ ಇದನ್ನು ವಿವರಿಸಲೇಬೇಕಾಗಿಲ್ಲ. ಪಕ್ಕದ ಮನೆಯ ಮಾಮಿಯ ಕೊಲು, ಸುಂಡಲ್ ಎಲ್ಲ ಅವರಿಗೆ ಗೊತ್ತು. ನಮ್ಮ ಮನೆಗಳಲ್ಲಿ ಮೇಲಿನ ಮೆಟ್ಟಿಲಿನಲ್ಲಿ ಕೂರಿಸುವ ಪಟ್ಟದ ಗೊಂಬೆ, ಅಂದರೆ ರಾಜ ಮತ್ತು ರಾಣಿ, ಮದುವೆಯಲ್ಲಿ ತೌರಿನವರು ಕೊಟ್ಟು ಕಳಿಸುವ ಜೋಡಿ. “ಆ ಗೊಂಬೆಯ ರಾಜರಾಣಿಯರ ನಿಜವಾದ ಮನೆ ಇದೇ” ಎಂದು ಅತ್ತೆಯವರು ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದರೆ ಬಣ್ಣದ ಗಾಜಿನ ನವಿಲುಗಳು, ಸುತ್ತ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು. ಇಲ್ಲೂ ಶ್ರೀರಂಗಪಟ್ಟಣದ ಆಟವೇ: ಆನೆ ಎಣಿಸು, ಕುದುರೆ ಎಣಿಸು, ಚಿತ್ರದಲ್ಲಿ ಮಕ್ಕಳು ಎಲ್ಲಿದ್ದಾರೆ ಹುಡುಕು. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ ಎಂದರೆ ಮಕ್ಕಳಿಗೆ ಅರ್ಥವಾಗದು. ಇಪ್ಪತ್ತೈದು ಕಿಲೋದ ಅಕ್ಕಿ ಮೂಟೆ ಮೂವತ್ತು ಎಂದರೆ ಕೂಡಲೇ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಮಹಾರಾಜರು ಕೂರುತ್ತಿದ್ದ ಆ ಅಂಬಾರಿಯಲ್ಲಿ ಈಗ ವಿಜಯದಶಮಿಯಂದು ಹೊರಡುವವಳು ತಾಯಿ ಚಾಮುಂಡೇಶ್ವರಿ.

ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಅರಮನೆಗೆ ದೀಪ ಹಾಕುತ್ತಾರೆ. ತೊಂಬತ್ತು ಸಾವಿರಕ್ಕೂ ಹೆಚ್ಚು ಬಲ್ಬುಗಳು ಒಂದೇ ಸಲ ಹೊತ್ತಿಕೊಳ್ಳುತ್ತವೆ. ನಿಮ್ಮ ಪ್ರವಾಸದಲ್ಲಿ ಒಂದು ಭಾನುವಾರ ಮೈಸೂರಿನಲ್ಲೇ ಇರುವ ಹಾಗೆ ನೋಡಿಕೊಳ್ಳಿ.

ರಾಜರ ಆಟದ ಸಾಮಾನುಗಳು

ಅರಮನೆ ನೋಡಿದ ಮರುದಿನ ಇನ್ನೊಂದು ಅರಮನೆ ಬೇಡ. ಮೃಗಾಲಯಕ್ಕೆ ಹೋಗಿ. ಅದೂ ರಾಜರದ್ದೇ. 1892ರಲ್ಲಿ ಚಾಮರಾಜ ಒಡೆಯರ್ ಸ್ಥಾಪಿಸಿದ್ದು. ಮಂಗಳವಾರ ರಜೆ. ರೈಲ್ವೆ ನಿಲ್ದಾಣದ ಬಳಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯವಿದೆ. ಅಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ನಿಂತಿದೆ. ಅಡುಗೆಮನೆಯೇ ಇರುವ ರೈಲು! ಮುಮ್ಮಡಿಯವರು ಹೊಸ ಹೊಸ ಗಂಜೀಫಾ ಎಲೆಗಳ ಆಟಗಳನ್ನೂ ಚದುರಂಗದ ಚಮತ್ಕಾರಗಳನ್ನೂ ರೂಪಿಸಿದವರು. ರಾತ್ರಿ ಉಳಿದುಕೊಂಡಲ್ಲಿ ಮೊಬೈಲ್ ಪಕ್ಕಕ್ಕಿಟ್ಟು ಮಕ್ಕಳಿಗೆ ಚೌಕಾಬಾರ ಹೇಳಿಕೊಡಲು ಅದಕ್ಕಿಂತ ನೆಪ ಬೇಕೆ? ಮೈಸೂರು ಪಾಕ್ ಹುಟ್ಟಿದ್ದು ನಾಲ್ವಡಿಯವರ ಕಾಲದ ಅರಮನೆಯ ಅಡುಗೆಮನೆಯಲ್ಲಿ, ಕಾಕಾಸುರ ಮಾದಪ್ಪ ಎಂಬ ಬಾಣಸಿಗರ ಕೈಯಲ್ಲಿ ಎಂದು ಹೇಳುತ್ತಾರೆ. ಆ ಪಾಠಕ್ಕೆ ಮಕ್ಕಳು ಎಂದೂ ಬೇಸರಪಡುವುದಿಲ್ಲ.

ಹೊರಡುವವರಿಗೆ ಕೆಲವು ಕಿವಿಮಾತು

1. ದಿನಕ್ಕೆ ಒಂದೇ ದೊಡ್ಡ ಸ್ಥಳ. ಊಟವಾದ ಮೇಲೆ ನಿದ್ದೆ ಅಥವಾ ಬಯಲು.

2. ಅರಮನೆಗೆ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ಜನಸಂದಣಿ. ಒಳಗೆ ಚಪ್ಪಲಿ ಇಲ್ಲದೆ ನಡೆಯಬೇಕು, ಬೇಸಿಗೆಯಲ್ಲಿ ಅಂಗಳದ ಕಲ್ಲು ಸುಡುತ್ತದೆ. ಮಕ್ಕಳಿಗೆ ಕಾಲುಚೀಲ ಇಟ್ಟುಕೊಂಡಿರಿ.

3. ಗೈಡ್ ಮಾಡಿಕೊಳ್ಳುವುದಾದರೆ ಕನ್ನಡದಲ್ಲಿ, ಮಕ್ಕಳಿಗೆ ಹೇಳುವಂತೆ ಮೊದಲೇ ಕೇಳಿಕೊಳ್ಳಿ. ನಾವು ಚೆನ್ನೈನವರು ಎಂದ ಕೂಡಲೇ ಒಬ್ಬರು ಇಂಗ್ಲಿಷಿನಲ್ಲಿ ಒಪ್ಪಿಸಲು ತೊಡಗಿದರು. ಮಾವನವರು ನಯವಾಗಿ ತಡೆದು “ಕನ್ನಡದಲ್ಲೇ ಹೇಳಿ ಸ್ವಾಮಿ, ಅದಕ್ಕೇ ಅಷ್ಟು ದೂರದಿಂದ ಬಂದಿದ್ದೇವೆ” ಎಂದರು. ಆಮೇಲೆ ಆತ ಬಹಳ ಚೆನ್ನಾಗಿ ಕಥೆ ಹೇಳಿದರು.

4. ಹಿರಿಯರನ್ನು ಬಿಟ್ಟು ಹೋಗಬೇಡಿ. ಮಕ್ಕಳಿಗೆ ಕಥೆ ಹೇಳುವ ತಾಳ್ಮೆ ಅವರಿಗೇ ಹೆಚ್ಚು. ಅವರಿಗೆ ಕುಳಿತುಕೊಳ್ಳುವ ಜಾಗ ನೋಡಿ, ಅಲ್ಲಿಂದಲೇ ಕಥೆ ಶುರುವಾಗಲಿ.

5. ಟಿಕೆಟ್ ತೆಗೆದುಕೊಳ್ಳುವುದು, ಆಟೋದವರನ್ನು ದಾರಿ ಕೇಳುವುದು, ಹೋಟೆಲಿನಲ್ಲಿ ದೋಸೆ ಹೇಳುವುದು, ಇಂಥವನ್ನು ಮಕ್ಕಳಿಂದಲೇ ಮಾಡಿಸಿ.

6. ಮೈಸೂರಿಗೆ ಈ ವರ್ಷ ಹೋಗಲಾಗದಿದ್ದರೆ ಬೇಸರ ಬೇಡ. ತಿರುಪತಿಗೆ ಹೋದಾಗ ಹತ್ತಿರದ ಚಂದ್ರಗಿರಿಯ ರಾಜಮಹಲ್ ನೋಡಿ ಬನ್ನಿ. ಅದೂ ವಿಜಯನಗರದ ಕೊನೆಯ ಅರಸರ ಮನೆಯೇ.

ಐದನೆಯ ಮಾತನ್ನು ಸ್ವಲ್ಪ ವಿವರಿಸಬೇಕು. ಇಲ್ಲಿ ನನ್ನ ಮಗಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ತಮಿಳು ನಮಗೆ ಅನ್ನ ಕೊಟ್ಟ ಊರಿನ ಮಾತು, ಅದು ಬರುವುದು ಸಂತೋಷವೇ. ಆದರೆ ಕನ್ನಡ ಮನೆಯ ಹೊರಗೂ ಉಪಯೋಗಕ್ಕೆ ಬರುವ ಮಾತು ಎಂಬುದು ಅವಳಿಗೆ ತಿಳಿದಿರಲಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಹತ್ತಿರ “ಒಂದು ಮೊಳ ಮಲ್ಲಿಗೆ ಎಷ್ಟು?” ಎಂದು ತಾನೇ ಕೇಳಿ, ಅವರು “ಬಾ ಅವ್ವಾ” ಎಂದು ಕರೆದು ಒಂದು ತುಂಡು ಹೂವು ಹೆಚ್ಚಿಗೆ ಕೊಟ್ಟಾಗ ಅವಳಿಗೆ ಆದ ಆನಂದ ಯಾವ ಅಂಬಾರಿಯನ್ನು ನೋಡಿಯೂ ಆಗಿರಲಿಲ್ಲ. ಮೂರನೆಯ ದಿನಕ್ಕೆ ತಮ್ಮನನ್ನು ಗದರುವುದೂ ಕನ್ನಡದಲ್ಲೇ ಆಯಿತು!

ಮಕ್ಕಳು ದೊಡ್ಡವರಾದ ಮೇಲೆ ಇಸವಿಗಳನ್ನು ಪುಸ್ತಕದಲ್ಲಿ ಓದಿಕೊಳ್ಳುತ್ತಾರೆ. ಆನೆಯ ಮೇಲೆ ಕುಳಿತು ಮನೆ ಬಿಟ್ಟು ಮದರಾಸಿಗೆ ಬಂದ ಇಬ್ಬರು ಹುಡುಗರನ್ನು, ಬಟ್ಟೆಗಂಟಿನಲ್ಲಿ ಉಸಿರು ಬಿಗಿಹಿಡಿದ ರಾಜಕುಮಾರನನ್ನು, ಐದು ವರ್ಷಕ್ಕೇ ಸಿಂಹಾಸನದಲ್ಲಿ ಕಾಲು ಜೋಲಾಡಿಸಿಕೊಂಡು ಕುಳಿತಿರಬಹುದಾದ ಪುಟ್ಟ ದೊರೆಯನ್ನು ಅವರಿಗೆ ಪರಿಚಯ ಮಾಡಿಕೊಡುವುದು ನಮ್ಮ ಕೆಲಸ. ಒಮ್ಮೆ ಗೆಳೆತನವಾದರೆ ಅದು ಹೋಗುವುದಿಲ್ಲ.

ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ರಜೆ ಮುಗಿಸಿ ಬಂದ ಮೇಲೆ ನಿಮ್ಮ ಮಕ್ಕಳಿಂದ ತಾವು ನೋಡಿದ ಅರಮನೆಯ ಬಗ್ಗೆ ನಾಲ್ಕೇ ಸಾಲು ಕನ್ನಡದಲ್ಲಿ ಬರೆಯಿಸಿ ಈ ಪತ್ರಿಕೆಗೆ ಕಳುಹಿಸಿ. ಅಕ್ಷರ ಸೊಟ್ಟಗಿದ್ದರೂ ಸರಿ, ಒತ್ತಕ್ಷರ ತಪ್ಪಿದ್ದರೂ ಸರಿ. ಬರೆಯಲು ಬಾರದ ಪುಟಾಣಿಗಳು ಆನೆಯ ಚಿತ್ರ ಬರೆದು ಕೆಳಗೆ ತಮ್ಮ ಹೆಸರು ಬರೆದರೂ ಸಾಕು, ಕನ್ನಡದಲ್ಲಿ.